ಮನೆಯ ದೀಪವೂ ಅದರ ಸ್ವಿಚ್ಚೂ

ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪನ್ನವಾದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರು ನಗರವನ್ನೂ ತಲಪಿತು. ಅಂದು ಜನರು ಬೆರಗಿನಿಂದ ನೋಡಿದ ವಿದ್ಯುದ್ದೀಪವು ಇಂದು ಹಳ್ಳಿಯ ಮನೆಗಳಲ್ಲಿಯೂ ಅತಿ ಸಾಮಾನ್ಯವಾದ ವಸ್ತು. ಸಂಜೆಯಾದೊಡನೆ ಗೋಡೆಯ ಮೇಲಿನ ಗುಂಡಿಯನ್ನು ಒತ್ತುತ್ತೇವೆ, ದೀಪ ಹೊತ್ತಿಕೊಳ್ಳುತ್ತದೆ. ಮತ್ತೊಮ್ಮೆ ಒತ್ತುತ್ತೇವೆ, ಆರುತ್ತದೆ. ಇಷ್ಟು ಪರಿಚಿತವಾದ ಕ್ರಿಯೆಯಲ್ಲಿ ಹೊಸದಾಗಿ ತಿಳಿಯಬೇಕಾದದ್ದು ಏನಿದೆ ಎಂದು ಯಾರಾದರೂ ಕೇಳಬಹುದು.

ತಿಳಿಯಬೇಕಾದದ್ದು ಇದೆ. ಕೆಟ್ಟ ಬಲ್ಬನ್ನು ಬದಲಾಯಿಸಲು ಹೋಲ್ಡರಿಗೆ ಕೈಯಿಡುವವನ ಪ್ರಾಣವು ಎಷ್ಟೋ ವೇಳೆ ಒಂದೇ ಒಂದು ಪ್ರಶ್ನೆಯನ್ನು ಅವಲಂಬಿಸಿರುತ್ತದೆ: ಸ್ವಿಚ್ಚನ್ನು ಆರಿಸಿದಾಗ ಕಡಿದುಹೋದದ್ದು ಎರಡು ತಂತಿಗಳಲ್ಲಿ ಯಾವುದು? ದೀಪ ಆರಿದೆ ಎಂಬುದೂ ಹೋಲ್ಡರಿನಲ್ಲಿ ವಿದ್ಯುತ್ತು ಇಲ್ಲವೆಂಬುದೂ ಒಂದೇ ಅಲ್ಲ. ಸರಿಯಾದ ಜೋಡಣೆಯಲ್ಲಿಯೂ ತಪ್ಪಾದ ಜೋಡಣೆಯಲ್ಲಿಯೂ ದೀಪವು ಒಂದೇ ರೀತಿಯಲ್ಲಿ ಹೊತ್ತುತ್ತದೆ, ಒಂದೇ ರೀತಿಯಲ್ಲಿ ಆರುತ್ತದೆ. ಹಾಗಾದರೆ ಇವೆರಡರ ವ್ಯತ್ಯಾಸವೇನೆಂಬುದನ್ನು ಕ್ರಮವಾಗಿ ವಿಚಾರಿಸೋಣ.

ಮನೆಗೆ ಬರುವ ತಂತಿಗಳು

ಬೀದಿಯ ಕಂಬದಿಂದ ಸಾಧಾರಣವಾದ ಮನೆಗೆ ಎರಡು ತಂತಿಗಳು ಬರುತ್ತವೆ. ಇವುಗಳಲ್ಲಿ ಒಂದನ್ನು ಸಜೀವ ತಂತಿಯೆಂದೂ ಇನ್ನೊಂದನ್ನು ತಟಸ್ಥ ತಂತಿಯೆಂದೂ ಪಠ್ಯಪುಸ್ತಕಗಳು ಕರೆಯುತ್ತವೆ. ಕೆಲಸಗಾರರ ಬಾಯಲ್ಲಿ ಇವು ‘ಫೇಸ್’ ಮತ್ತು ‘ನ್ಯೂಟ್ರಲ್’. ಇವೆರಡರ ನಡುವೆ 230 ವೋಲ್ಟುಗಳ ವಿಭವಾಂತರವಿರುತ್ತದೆ. ಪ್ರವಾಹವು ಪರ್ಯಾಯ ಸ್ವರೂಪದ್ದಾದುದರಿಂದ ಅದು ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತದೆ. 230 ವೋಲ್ಟು ಎಂಬುದು ಒಂದು ಬಗೆಯ ಸರಾಸರಿ ಬೆಲೆ ಮಾತ್ರ. ಪ್ರತಿ ಆವರ್ತದ ಶಿಖರದಲ್ಲಿ ವಿಭವಾಂತರವು ಸುಮಾರು 325 ವೋಲ್ಟುಗಳವರೆಗೆ ಏರುತ್ತದೆ.

ತಟಸ್ಥ ತಂತಿಯನ್ನು ವಿತರಣೆಯ ಟ್ರಾನ್ಸ್‌ಫಾರ್ಮರಿನ ಬಳಿ ನೆಲಕ್ಕೆ ಸೇರಿಸಿರುತ್ತಾರೆ. ಆದುದರಿಂದ ಅದರ ವಿಭವವು ನಾವು ನಿಂತಿರುವ ನೆಲದ ವಿಭವಕ್ಕೆ ಬಹು ಸಮೀಪವಾಗಿರುತ್ತದೆ. ಸಜೀವ ತಂತಿಯ ಸಂಗತಿ ಹಾಗಲ್ಲ. ಅದಕ್ಕೂ ನೆಲಕ್ಕೂ ನಡುವೆ 230 ವೋಲ್ಟು ಪೂರ್ಣವಾಗಿ ಇದ್ದೇ ಇರುತ್ತದೆ. ನೆಲದ ಮೇಲೆ ನಿಂತು ಅದನ್ನು ಮುಟ್ಟಿದವನ ದೇಹವೇ ಮಂಡಲದ ಒಂದು ಭಾಗವಾಗುತ್ತದೆ. ಎರಡನೆಯ ತಂತಿಯನ್ನು ಮುಟ್ಟಬೇಕಾದ ಅಗತ್ಯವಿಲ್ಲ. ಹಾಗೆಂದು ತಟಸ್ಥ ತಂತಿಯನ್ನು ನಿರುಪದ್ರವಿಯೆಂದು ಭಾವಿಸಬಾರದು. ಅದು ಎಲ್ಲಿಯಾದರೂ ತುಂಡಾದರೆ, ಮನೆಯ ಕಡೆಗೆ ಉಳಿದ ತುಂಡು ಹೊತ್ತಿಸಿದ ದೀಪಗಳ ಮೂಲಕ ಸಜೀವವಾಗಿಬಿಡುತ್ತದೆ.

ನಮ್ಮ ದೇಶದ ರೂಢಿಯಲ್ಲಿ ಫೇಸಿಗೆ ಕೆಂಪು, ಹಳದಿ ಅಥವಾ ನೀಲಿ ಹೊದಿಕೆಯ ತಂತಿಯನ್ನೂ ನ್ಯೂಟ್ರಲಿಗೆ ಕಪ್ಪು ತಂತಿಯನ್ನೂ ಭೂಸಂಪರ್ಕಕ್ಕೆ ಹಸಿರು ತಂತಿಯನ್ನೂ ಬಳಸುತ್ತಾರೆ. ಆದರೆ ಬಣ್ಣವು ತಂತಿಯನ್ನು ಎಳೆದವನ ಎಚ್ಚರವನ್ನು ತಿಳಿಸುವುದೇ ಹೊರತು ತಂತಿಯ ಸ್ಥಿತಿಯನ್ನಲ್ಲ. ಹಳೆಯ ಮನೆಗಳಲ್ಲಿ ಎಲ್ಲ ತಂತಿಗಳೂ ಒಂದೇ ಬಣ್ಣದವಾಗಿರುವುದುಂಟು.

ದೀಪಗಳನ್ನು ಜೋಡಿಸುವ ಕ್ರಮ

ಮನೆಯ ದೀಪಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿದರೆ ಏನಾಗುತ್ತದೆ? 60 ವ್ಯಾಟಿನ ಎರಡು ತಂತುದೀಪಗಳನ್ನು ಹಾಗೆ ಜೋಡಿಸಿದರೆ ಪ್ರತಿಯೊಂದಕ್ಕೂ 115 ವೋಲ್ಟು ಮಾತ್ರ ದೊರೆತು ಎರಡೂ ಕೆಂಪಗೆ ಮಂಕಾಗಿ ಉರಿಯುತ್ತವೆ. ಒಂದರ ತಂತು ಕಡಿದರೆ ಇನ್ನೊಂದೂ ಆರುತ್ತದೆ. ಆದಕಾರಣ ಮನೆಗಳಲ್ಲಿ ಎಲ್ಲ ದೀಪಗಳನ್ನೂ ಸಮಾಂತರವಾಗಿ ಜೋಡಿಸುತ್ತಾರೆ. ಪ್ರತಿಯೊಂದು ದೀಪವೂ ಫೇಸ್ ಮತ್ತು ನ್ಯೂಟ್ರಲುಗಳ ನಡುವೆ ಸ್ವತಂತ್ರವಾಗಿ ನಿಂತು 230 ವೋಲ್ಟನ್ನೂ ಪಡೆಯುತ್ತದೆ. ಒಂದರ ಕೇಡು ಮತ್ತೊಂದನ್ನು ತಟ್ಟುವುದಿಲ್ಲ.

ದೀಪಕ್ಕೆ ಸೇರಿದ ಸ್ವಿಚ್ಚಾದರೋ ಆ ದೀಪದೊಡನೆ ಸರಣಿಯಲ್ಲಿಯೇ ಇರಬೇಕು. ಆದುದರಿಂದ ಕೆಲಸಗಾರನು ಮೀಟರಿನ ಬಳಿಯಿಂದ ಹೊರಟ ಫೇಸ್ ತಂತಿಯನ್ನು ನೇರವಾಗಿ ಸ್ವಿಚ್ಚುಗಳ ಪೆಟ್ಟಿಗೆಗೆ ತಂದು, ಒಂದು ಸ್ವಿಚ್ಚಿನಿಂದ ಮತ್ತೊಂದಕ್ಕೆ ಕೊಂಡಿಯಂತೆ ಹಾಯಿಸುತ್ತಾನೆ. ನ್ಯೂಟ್ರಲ್ ತಂತಿಯನ್ನು ದೀಪದಿಂದ ದೀಪಕ್ಕೆ ಹಾಯಿಸುತ್ತಾನೆ. ಕೊನೆಗೆ ಪ್ರತಿ ಸ್ವಿಚ್ಚಿನ ಎರಡನೆಯ ತಿರುಪಿನಿಂದ ಅದರ ದೀಪಕ್ಕೆ ಒಂದೊಂದು ತಂತಿಯನ್ನು ಒಯ್ಯುತ್ತಾನೆ. ಈ ಕ್ರಮದಿಂದ ತಂತಿಯ ಉಳಿತಾಯವಾಗುತ್ತದೆ. ಗೋಡೆಯೊಳಗೆ ಮರೆಯಾಗಿ ಗಂಟುಹಾಕಿದ ಕೀಲುಗಳೂ ಇರುವುದಿಲ್ಲ.

ಒಂದೇ ಉಪಮಂಡಲಕ್ಕೆ ಎಷ್ಟು ದೀಪಗಳನ್ನಾದರೂ ಸೇರಿಸಬಹುದೆ? ಸೇರಿಸಬಾರದು. ದೀಪ, ಪಂಖಾ, ಸಣ್ಣ ಸಾಕೆಟ್ಟು ಎಲ್ಲವೂ ಕೂಡಿ ಹತ್ತು ಸ್ಥಾನಗಳಿಗೆ ಅಥವಾ 800 ವ್ಯಾಟಿಗೆ ಮೀರಬಾರದೆಂಬುದು ನಮ್ಮಲ್ಲಿ ಬಹುಕಾಲದಿಂದ ಪಾಲಿಸಿಕೊಂಡು ಬಂದಿರುವ ಮಿತಿ. 800 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು ಮೂರೂವರೆ ಆಂಪೇರ್ ಆಗುತ್ತದೆ. 1.5 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯು ಇಷ್ಟು ಪ್ರವಾಹವನ್ನು ಕಾಯದೆ ನಿರಾಯಾಸವಾಗಿ ಹೊರುತ್ತದೆ.

ಸ್ವಿಚ್ಚು ಯಾವ ತಂತಿಯಲ್ಲಿರಬೇಕು?

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಮಂಡಲವನ್ನು ಯಾವ ಎಡೆಯಲ್ಲಿ ಕಡಿದರೂ ಪ್ರವಾಹವು ನಿಲ್ಲುತ್ತದೆ. ಆದುದರಿಂದ ಸ್ವಿಚ್ಚನ್ನು ಫೇಸ್ ತಂತಿಯಲ್ಲಿಟ್ಟರೂ ನ್ಯೂಟ್ರಲ್ ತಂತಿಯಲ್ಲಿಟ್ಟರೂ ದೀಪದ ವರ್ತನೆಯಲ್ಲಿ ಯಾವ ಭೇದವೂ ಕಾಣದು. ಆದರೆ ಆರಿದ ದೀಪದ ಸ್ಥಿತಿಯಲ್ಲಿ ದೊಡ್ಡ ಭೇದವಿದೆ.

ಸ್ವಿಚ್ಚು ಫೇಸಿನಲ್ಲಿರುವಾಗ ಅದನ್ನು ಆರಿಸಿದರೆ ಸಜೀವ ತಂತಿಯು ಗೋಡೆಯ ಪೆಟ್ಟಿಗೆಯಲ್ಲಿಯೇ ಕೊನೆಗೊಳ್ಳುತ್ತದೆ. ಹೋಲ್ಡರಿನ ಎರಡು ಮೊಳೆಗಳೂ ನೆಲದ ವಿಭವದಲ್ಲಿರುತ್ತವೆ. ಸ್ವಿಚ್ಚು ನ್ಯೂಟ್ರಲಿನಲ್ಲಿರುವಾಗಲಾದರೋ ಸಜೀವ ತಂತಿಯು ಹೋಲ್ಡರಿನವರೆಗೂ ಬಂದು, ಬಲ್ಬಿನ ತಂತುವಿನ ಮೂಲಕ ಹಾಯ್ದು, ಎರಡನೆಯ ಮೊಳೆಯನ್ನೂ ದಾಟಿ, ಸ್ವಿಚ್ಚಿನವರೆಗೆ ವ್ಯಾಪಿಸಿರುತ್ತದೆ. ದೀಪ ಆರಿದೆ, ಆದರೆ ಎರಡು ಮೊಳೆಗಳೂ ಸಜೀವವಾಗಿವೆ.

ಇದರ ಪರಿಣಾಮವನ್ನು ಲೆಕ್ಕದಿಂದಲೇ ನೋಡಬಹುದು. 60 ವ್ಯಾಟಿನ ತಂತುದೀಪವು ಉರಿಯುವಾಗ ಸುಮಾರು 0.26 ಆಂಪೇರ್ ಪ್ರವಾಹವನ್ನು ಸೆಳೆಯುತ್ತದೆ; ಎಂದರೆ ಕಾದ ತಂತುವಿನ ರೋಧವು ಸುಮಾರು 880 ಓಮ್. ತಣ್ಣಗಿರುವಾಗ ಇದು ಇನ್ನೂ ಬಹಳ ಕಡಿಮೆ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತವನ ದೇಹದ ರೋಧವನ್ನು ಉದಾಹರಣೆಗಾಗಿ 1000 ಓಮ್ ಎಂದು ಇಟ್ಟುಕೊಳ್ಳೋಣ. ಅವನು ತಂತುವಿನ ಆಚೆಯ ಮೊಳೆಯನ್ನು ಮುಟ್ಟಿದನೆಂದರೆ ತಂತು ಮತ್ತು ದೇಹಗಳು ಸರಣಿಯಲ್ಲಿ ನಿಲ್ಲುತ್ತವೆ. ತಂತುವಿನ ದೊಡ್ಡ ರೋಧವನ್ನೇ ಹಿಡಿದರೂ ದೇಹದ ಮೂಲಕ ಹರಿಯುವ ಪ್ರವಾಹವು 230 ÷ 1880, ಎಂದರೆ ಸುಮಾರು 0.12 ಆಂಪೇರ್ ಆಗುತ್ತದೆ. ಈಚೆಯ ಮೊಳೆಯನ್ನು ಮುಟ್ಟಿದರೆ 0.23 ಆಂಪೇರ್. ಮನುಷ್ಯರ ರಕ್ಷಣೆಗಾಗಿ ಈಗ ಮನೆಗಳಲ್ಲಿ ಇಡುವ ಸೋರಿಕೆ ರಕ್ಷಕವು 0.03 ಆಂಪೇರಿನೊಳಗೇ ಮಂಡಲವನ್ನು ಕಡಿಯುವಂತೆ ರಚಿತವಾಗಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ಲೆಕ್ಕದ ಪ್ರವಾಹವು ಅದರ ನಾಲ್ಕು ಪಟ್ಟು. ಹೃದಯದ ಬಡಿತವನ್ನು ಕೆಡಿಸಲು ಅದು ಧಾರಾಳವಾಗಿ ಸಾಕು.

ಸ್ವಿಚ್ಚು ಫೇಸಿನಲ್ಲಿದ್ದಿದ್ದರೆ ಈ ಪ್ರವಾಹವು ಸೊನ್ನೆ. ಒಂದು ತಂತಿಯನ್ನು ಒಂದು ತಿರುಪಿನ ಬದಲು ಮತ್ತೊಂದಕ್ಕೆ ಸೇರಿಸಿದ್ದರ ಫಲ ಇಷ್ಟು!

ನಮ್ಮ ಹೋಲ್ಡರುಗಳಲ್ಲಿ ಹೆಚ್ಚಿನವು 22 ಮಿಲಿಮೀಟರ್ ವ್ಯಾಸದ, ಬಲ್ಬನ್ನು ಒತ್ತಿ ತಿರುಗಿಸಿ ಸಿಕ್ಕಿಸುವ ಬಗೆಯವು. 27 ಮಿಲಿಮೀಟರಿನ ತಿರುಪು ಹೋಲ್ಡರುಗಳೂ ಉಂಟು. ಈ ಎರಡನೆಯ ಬಗೆಯಲ್ಲಿ ಇನ್ನೊಂದು ಎಚ್ಚರ ಬೇಕು. ಫೇಸನ್ನು ನಡುವಿನ ಮೊಳೆಗೇ ಕೊಡಬೇಕು. ಸುತ್ತಲಿನ ತಿರುಪಿನ ಬಳೆಗೆ ಕೊಟ್ಟರೆ, ಬಲ್ಬನ್ನು ತಿರುಗಿಸುವಾಗ ಬೆರಳು ತಾಗುವ ಭಾಗವೇ ಸಜೀವವಾಗಿರುತ್ತದೆ.

ಫ್ಯೂಸೂ ಇದೇ ನಿಯಮವೂ

ಫ್ಯೂಸು ಕಾಪಾಡುವುದಿಲ್ಲವೆ ಎಂದು ಕೆಲವರು ಕೇಳಬಹುದು. ಕಾಪಾಡುವುದಿಲ್ಲ. ದೀಪದ ಮಂಡಲದ ಫ್ಯೂಸಾಗಲಿ, ಈಗ ಅದರ ಸ್ಥಾನದಲ್ಲಿ ಬಳಕೆಯಲ್ಲಿರುವ 6 ಆಂಪೇರಿನ ಸ್ವಯಂಚಾಲಿತ ಕಡಿತದ ಸ್ವಿಚ್ಚಾಗಲಿ, ತಂತಿಯನ್ನು ಬೆಂಕಿಯಿಂದ ರಕ್ಷಿಸುವುದಕ್ಕಾಗಿ ಇರುವುದು. 0.12 ಆಂಪೇರ್ ಎಂಬುದು ಅದರ ಪಾಲಿಗೆ ಎರಡು ಸಣ್ಣ ಬಲ್ಬುಗಳನ್ನು ಹೊತ್ತಿಸಿದಷ್ಟೇ ಹಗುರವಾದ ಹೊರೆ. ಅದು ಅಲುಗುವುದೂ ಇಲ್ಲ.

ಫ್ಯೂಸನ್ನು ನ್ಯೂಟ್ರಲಿನಲ್ಲಿಯೂ ಇಟ್ಟರೆ ರಕ್ಷಣೆ ಇಮ್ಮಡಿಯಾಗುವುದೆಂಬ ಭಾವನೆಯು ಹಿಂದೆ ಇದ್ದುದುಂಟು. ಹಳೆಯ ಬೋರ್ಡುಗಳಲ್ಲಿ ಬಿಳಿಯ ಪಿಂಗಾಣಿಯ ಎರಡು ಫ್ಯೂಸುಗಳು ಅಕ್ಕಪಕ್ಕದಲ್ಲಿರುವುದನ್ನು ಕಾಣಬಹುದು. ಆದರೆ ನ್ಯೂಟ್ರಲಿನ ಫ್ಯೂಸೊಂದೇ ಕರಗಿತೆನ್ನಿ: ಮನೆಯೆಲ್ಲ ಕತ್ತಲಾಗುತ್ತದೆ, ‘ಕರೆಂಟು ಹೋಯಿತು’ ಎಂದು ಜನ ತಿಳಿಯುತ್ತಾರೆ. ವಾಸ್ತವವಾಗಿ ವಿದ್ಯುತ್ತು ಪ್ರತಿಯೊಂದು ಹೋಲ್ಡರಿನಲ್ಲಿಯೂ ಕಾದು ಕುಳಿತಿರುತ್ತದೆ. ಈ ಕಾರಣದಿಂದಲೇ 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ನ್ಯೂಟ್ರಲ್ ತಂತಿಯಲ್ಲಿ ಪ್ರತ್ಯೇಕವಾದ ಫ್ಯೂಸನ್ನಾಗಲಿ ಸ್ವಿಚ್ಚನ್ನಾಗಲಿ ಇಡಕೂಡದೆಂದು ವಿಧಿಸಿದವು; ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೇ ಕಡಿಯುವ ಜೋಡಿ ಸ್ವಿಚ್ಚಿಗೆ ಮಾತ್ರ ಅನುಮತಿಯಿತ್ತವು. ಆ ನಿಯಮಗಳ ಸ್ಥಾನದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಹೊಸ ನಿಯಮಾವಳಿಯನ್ನು ಹೊರಡಿಸಿದಾಗಲೂ ಈ ತತ್ತ್ವವು ಬದಲಾಗಲಿಲ್ಲ.

ಮೆಟ್ಟಿಲಿನ ದೀಪ

ಮಹಡಿಯ ಮೆಟ್ಟಿಲಿನ ದೀಪವನ್ನು ಕೆಳಗೆ ಹೊತ್ತಿಸಿ ಮೇಲೆ ಆರಿಸಬಹುದು. ಮೇಲೆ ಹೊತ್ತಿಸಿ ಕೆಳಗೆ ಆರಿಸಬಹುದು. ಇದು ಹೇಗೆ ಸಾಧ್ಯ? ಸಾಧಾರಣ ಸ್ವಿಚ್ಚಿಗೆ ಎರಡು ತಿರುಪುಗಳಿದ್ದರೆ ಇಲ್ಲಿ ಬಳಸುವ ‘ಟೂ-ವೇ’ ಸ್ವಿಚ್ಚಿಗೆ ಮೂರು ತಿರುಪುಗಳಿವೆ. ನಡುವಿನದು ಸಾಮಾನ್ಯ ತಿರುಪು. ಗುಂಡಿಯ ಸ್ಥಾನಕ್ಕೆ ತಕ್ಕಂತೆ ಅದು ಪಕ್ಕದ ಎರಡರಲ್ಲಿ ಒಂದರೊಡನೆ ಯಾವಾಗಲೂ ಸೇರಿಕೊಂಡಿರುತ್ತದೆ. ಆದುದರಿಂದ ಈ ಸ್ವಿಚ್ಚಿಗೆ ‘ಹೊತ್ತಿದ’ ಸ್ಥಾನ ‘ಆರಿದ’ ಸ್ಥಾನ ಎಂಬುವು ಇಲ್ಲ. ಎರಡು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳುವುದಷ್ಟೇ ಅದರ ಕೆಲಸ.

ಕೆಳಗಿನ ಸ್ವಿಚ್ಚಿನ ಸಾಮಾನ್ಯ ತಿರುಪಿಗೆ ಫೇಸನ್ನು ಕೊಡುತ್ತಾರೆ. ಮೇಲಿನ ಸ್ವಿಚ್ಚಿನ ಸಾಮಾನ್ಯ ತಿರುಪಿನಿಂದ ದೀಪಕ್ಕೆ ತಂತಿ ಹೋಗುತ್ತದೆ. ಎರಡು ಸ್ವಿಚ್ಚುಗಳ ಪಕ್ಕದ ತಿರುಪುಗಳನ್ನು ಕ, ಖ ಎಂಬ ಎರಡು ತಂತಿಗಳು ಸೇರಿಸುತ್ತವೆ. ಆಗ ಸಂಭವಿಸುವ ಸ್ಥಿತಿಗಳು ನಾಲ್ಕು:

ಕೆಳಗೆ ಕ, ಮೇಲೆ ಕ – ದೀಪ ಉರಿಯುತ್ತದೆ.
ಕೆಳಗೆ ಕ, ಮೇಲೆ ಖ – ಆರಿದೆ.
ಕೆಳಗೆ ಖ, ಮೇಲೆ ಕ – ಆರಿದೆ.
ಕೆಳಗೆ ಖ, ಮೇಲೆ ಖ – ಉರಿಯುತ್ತದೆ.

ಯಾವ ಸ್ಥಿತಿಯಿಂದ ಹೊರಟರೂ ಯಾವುದಾದರೊಂದು ಗುಂಡಿಯನ್ನು ಒಮ್ಮೆ ಒತ್ತಿದರೆ ದೀಪದ ಅವಸ್ಥೆ ಬದಲಾಗುತ್ತದೆ ಎಂಬುದನ್ನು ಗಮನಿಸಿರಿ. ಮೂರು ಅಂತಸ್ತುಗಳಿದ್ದರೆ ಕ, ಖ ತಂತಿಗಳ ನಡುವೆ ನಾಲ್ಕು ತಿರುಪುಗಳ ಮಧ್ಯಸ್ಥ ಸ್ವಿಚ್ಚೊಂದನ್ನು ಇಡುತ್ತಾರೆ. ಅದು ಎರಡು ತಂತಿಗಳನ್ನು ಒಮ್ಮೆ ನೇರವಾಗಿಯೂ ಮತ್ತೊಮ್ಮೆ ಅಡ್ಡಾದಿಡ್ಡಿಯಾಗಿಯೂ ಸೇರಿಸುತ್ತದೆ. ಇಂಥ ಮಧ್ಯಸ್ಥರನ್ನು ಎಷ್ಟಾದರೂ ಸೇರಿಸುತ್ತ ಹೋಗಬಹುದು. ಗುಂಡಿಗಳನ್ನು ಒಟ್ಟು ಎಷ್ಟು ಸಲ ಒತ್ತಲಾಯಿತು, ಆ ಸಂಖ್ಯೆ ಸಮವೋ ಬೆಸವೋ ಎಂಬುದಷ್ಟೇ ದೀಪದ ಅವಸ್ಥೆಯನ್ನು ನಿರ್ಧರಿಸುತ್ತದೆ. ಸ್ವಿಚ್ಚುಗಳ ಜಾಲವನ್ನು ಹೀಗೆ ಗಣಿತದ ಭಾಷೆಯಲ್ಲಿ ಬರೆಯಬಹುದೆಂದು 1937ರಲ್ಲಿ ಅಮೆರಿಕದ ಕ್ಲಾಡ್ ಷ್ಯಾನನ್ ಎಂಬ ತರುಣ ವಿದ್ಯಾರ್ಥಿಯು ತನ್ನ ಪ್ರಬಂಧದಲ್ಲಿ ತೋರಿಸಿಕೊಟ್ಟನು. ಅದಕ್ಕೆ ಅವನು ಬಳಸಿದ್ದು ಜಾರ್ಜ್ ಬೂಲ್ ಹಿಂದಿನ ಶತಮಾನದಲ್ಲಿಯೇ ರಚಿಸಿದ್ದ ತರ್ಕದ ಬೀಜಗಣಿತವನ್ನು. ಇಂದಿನ ಗಣಕಯಂತ್ರಗಳೂ ಇದೇ ಅಡಿಪಾಯದ ಮೇಲೆ ನಿಂತಿವೆ.

ಸರಿಯಾಗಿ ಉರಿಯುವ ತಪ್ಪು ಜೋಡಣೆ

ಮೆಟ್ಟಿಲಿನ ದೀಪವನ್ನು ಇನ್ನೊಂದು ರೀತಿಯಲ್ಲಿಯೂ ಜೋಡಿಸಬಹುದು. ಕೆಳಗೂ ಮೇಲೂ ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡೂ ಮೊದಲೇ ಇವೆಯೆನ್ನಿ. ಪ್ರತಿಯೊಂದು ಸ್ವಿಚ್ಚಿನ ಪಕ್ಕದ ತಿರುಪುಗಳಲ್ಲಿ ಒಂದಕ್ಕೆ ಫೇಸನ್ನೂ ಮತ್ತೊಂದಕ್ಕೆ ನ್ಯೂಟ್ರಲನ್ನೂ ಕೊಟ್ಟು, ಎರಡು ಸಾಮಾನ್ಯ ತಿರುಪುಗಳ ನಡುವೆ ದೀಪವನ್ನು ಸೇರಿಸಿದರಾಯಿತು. ಒಂದು ಸ್ವಿಚ್ಚು ಫೇಸಿನ ಕಡೆಗೂ ಇನ್ನೊಂದು ನ್ಯೂಟ್ರಲಿನ ಕಡೆಗೂ ಇದ್ದಾಗ ದೀಪ ಉರಿಯುತ್ತದೆ. ಎರಡೂ ಒಂದೇ ಕಡೆಗಿದ್ದಾಗ ದೀಪದ ಎರಡು ತುದಿಗಳಿಗೂ ಒಂದೇ ವಿಭವ ದೊರೆಯುವುದರಿಂದ ಅದು ಆರುತ್ತದೆ. ತಂತಿಯೂ ಉಳಿಯುತ್ತದೆ. ಮೇಲುನೋಟಕ್ಕೆ ಇದು ಜಾಣತನದ ಜೋಡಣೆ.

ಆದರೆ ‘ಒಂದೇ ಕಡೆ’ ಎಂಬುದಕ್ಕೆ ಎರಡು ಅರ್ಥಗಳಿವೆಯಷ್ಟೆ. ಎರಡೂ ನ್ಯೂಟ್ರಲಿನ ಕಡೆಗಿದ್ದರೆ ಅಪಾಯವಿಲ್ಲ. ಎರಡೂ ಫೇಸಿನ ಕಡೆಗಿದ್ದರೆ ದೀಪವು ಆರಿದ್ದರೂ ಅದರ ಎರಡು ಮೊಳೆಗಳೂ 230 ವೋಲ್ಟಿನಲ್ಲಿರುತ್ತವೆ. ಇವೆರಡರಲ್ಲಿ ಯಾವ ಸ್ಥಿತಿ ಇದೆಯೆಂಬುದು ಹೊರಗಿನಿಂದ ತಿಳಿಯದು. ಇದಲ್ಲದೆ ಒಂದೇ ಚಿಕ್ಕ ಸ್ವಿಚ್ಚಿನೊಳಗೆ ಫೇಸೂ ನ್ಯೂಟ್ರಲೂ ಬಹು ಸಮೀಪದಲ್ಲಿರುವುದರಿಂದ ಕಿಡಿಯು ಒಂದರಿಂದ ಇನ್ನೊಂದಕ್ಕೆ ನೆಗೆದು ಷಾರ್ಟ್ ಆಗುವ ಸಂಭವವೂ ಉಂಟು. ಆದಕಾರಣ ಈ ಜೋಡಣೆಯು ತ್ಯಾಜ್ಯ. ದೀಪದ ಸಾಕ್ಷ್ಯವನ್ನು ಮಾತ್ರ ನಂಬಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈಚಿನ ಎಲ್‌ಇಡಿ ಬಲ್ಬುಗಳು ಸ್ವಿಚ್ಚನ್ನು ಆರಿಸಿದ ಬಳಿಕವೂ ಕೆಲವು ಮನೆಗಳಲ್ಲಿ ಮಂದವಾಗಿ ಮಿನುಗುತ್ತಿರುತ್ತವೆ. ಅವುಗಳಿಗೆ ಅತ್ಯಲ್ಪ ಪ್ರವಾಹವೇ ಸಾಕಾದುದರಿಂದ, ತಂತುದೀಪವು ಮುಚ್ಚಿಡುತ್ತಿದ್ದ ಸಂಗತಿಯನ್ನು ಅವು ಹೊರಗೆಡವುತ್ತವೆ. ಸ್ವಿಚ್ಚಿನೊಳಗಿನ ಸೂಚಕ ದೀಪವು ಇದಕ್ಕೆ ಕಾರಣವಾಗಿರಬಹುದು. ಅಕ್ಕಪಕ್ಕದಲ್ಲಿ ಉದ್ದಕ್ಕೆ ಸಾಗುವ ತಂತಿಗಳು ಧಾರಕದಂತೆ ವರ್ತಿಸುವುದು ಕಾರಣವಾಗಿರಬಹುದು. ಸ್ವಿಚ್ಚು ನ್ಯೂಟ್ರಲಿನಲ್ಲಿರುವುದೂ ಕಾರಣವಾಗಿರಬಹುದು. ಈ ಮೂರನೆಯ ಸಂಭವವಿರುವುದರಿಂದ ಇಂಥ ದೀಪವನ್ನು ಕಂಡರೆ ತಿಳಿದವರಿಂದ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಮಾಡಿ ನೋಡಿ

ಇಲ್ಲಿ ಹೇಳಿದ್ದನ್ನು ಮನೆಯ ವಿದ್ಯುತ್ತಿನಿಂದ ಎಂದಿಗೂ ಪರೀಕ್ಷಿಸಬಾರದು. ಟಾರ್ಚಿನ ಸೆಲ್ಲುಗಳಿಂದ ನಿರಪಾಯವಾಗಿ ಪರೀಕ್ಷಿಸಬಹುದು. ಒಂದೂವರೆ ವೋಲ್ಟಿನ ಎರಡು ಸೆಲ್ಲುಗಳು, ಅವುಗಳಿಗೆ ತಕ್ಕ ತಂತುವಿನ ಎರಡು ಟಾರ್ಚ್ ಬಲ್ಬುಗಳು, ತುಂಡು ತಂತಿ, ಒಂದು ಹಲಗೆ, ಕೆಲವು ಹಿತ್ತಾಳೆಯ ಮೊಳೆಗಳು, ಸ್ವಿಚ್ಚಿಗಾಗಿ ತಗಡಿನ ಒಂದು ಪಟ್ಟಿ – ಇಷ್ಟು ಸಾಕು.

ಸೆಲ್ಲಿನ ಧನಾಗ್ರವನ್ನು ಫೇಸೆಂದೂ ಋಣಾಗ್ರವನ್ನು ನ್ಯೂಟ್ರಲ್ ಹಾಗೂ ನೆಲವೆಂದೂ ಭಾವಿಸಿರಿ. ಒಂದು ಬಲ್ಬು ಮನೆಯ ದೀಪವಾಗಲಿ. ಇನ್ನೊಂದು ದೀಪವನ್ನು ಮುಟ್ಟುವ ಮನುಷ್ಯನ ದೇಹವಾಗಲಿ. ಎರಡನೆಯ ಬಲ್ಬಿನ ಒಂದು ತುದಿಯನ್ನು ಋಣಾಗ್ರಕ್ಕೆ ಸೇರಿಸಿ, ಇನ್ನೊಂದು ತುದಿಗೆ ಉದ್ದವಾದ ತಂತಿಯನ್ನು ಕಟ್ಟಿರಿ. ಮೊದಲು ಸ್ವಿಚ್ಚನ್ನು ಧನಾಗ್ರಕ್ಕೂ ದೀಪಕ್ಕೂ ನಡುವೆ ಇಟ್ಟು ದೀಪವನ್ನು ಆರಿಸಿರಿ. ಉದ್ದ ತಂತಿಯಿಂದ ದೀಪದ ಎರಡು ತುದಿಗಳನ್ನೂ ಒಂದೊಂದಾಗಿ ಮುಟ್ಟಿರಿ, ಏನೂ ಆಗುವುದಿಲ್ಲ. ಅನಂತರ ಸ್ವಿಚ್ಚನ್ನು ದೀಪಕ್ಕೂ ಋಣಾಗ್ರಕ್ಕೂ ನಡುವೆ ಬದಲಾಯಿಸಿ, ಮತ್ತೆ ಆರಿಸಿ ಮುಟ್ಟಿರಿ. ಈಚೆಯ ತುದಿಯನ್ನು ಮುಟ್ಟಿದಾಗ ‘ದೇಹ’ದ ಬಲ್ಬು ಪೂರ್ಣವಾಗಿ ಬೆಳಗುತ್ತದೆ, ಆಚೆಯ ತುದಿಯನ್ನು ಮುಟ್ಟಿದಾಗ ಎರಡು ಬಲ್ಬುಗಳೂ ಮಂಕಾಗಿ ಉರಿಯುತ್ತವೆ. ಆರಿದ ದೀಪದಲ್ಲಿ ಅಡಗಿದ್ದ ಅಪಾಯವು ಹೀಗೆ ಕಣ್ಣಿಗೆ ಕಾಣುತ್ತದೆ.

ಬಲ್ಬನ್ನು ಬದಲಾಯಿಸುವಾಗ

ನಮ್ಮ ಮನೆಯ ತಂತಿಗಳನ್ನು ಯಾರು, ಯಾವಾಗ, ಹೇಗೆ ಎಳೆದರೆಂಬುದು ನಮಗೆ ಅನೇಕ ವೇಳೆ ತಿಳಿದಿರುವುದಿಲ್ಲ. ಆದುದರಿಂದ ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸಾಕೆಂದುಕೊಳ್ಳದೆ, ಎರಡು ತಂತಿಗಳನ್ನೂ ಕಡಿಯುವ ಮುಖ್ಯ ಸ್ವಿಚ್ಚನ್ನೇ ಆರಿಸಬೇಕು. ಒಣ ಮರದ ಸ್ಟೂಲಿನ ಮೇಲೆ ನಿಂತು, ಒಣಗಿದ ಕೈಯಿಂದ ಕೆಲಸ ಮಾಡಬೇಕು. ನಿಯಾನ್ ಟೆಸ್ಟರು ಬೆಳಗಿದರೆ ತಂತಿ ಸಜೀವವೆಂದು ತಿಳಿಯಬಹುದು. ಬೆಳಗದಿದ್ದರೆ ನಿರ್ಜೀವವೆಂದು ನಿಶ್ಚಯಿಸಲಾಗದು, ಟೆಸ್ಟರೇ ಕೆಟ್ಟಿರಬಹುದು. ಅದನ್ನು ಮೊದಲು ವಿದ್ಯುತ್ತು ಇರುವುದೆಂದು ಗೊತ್ತಿರುವ ಎಡೆಯಲ್ಲಿ ಪರೀಕ್ಷಿಸಿ ತರುವಾಯ ಬಳಸಬೇಕು. ತಂತಿಗಳ ಜೋಡಣೆಯನ್ನು ಬದಲಾಯಿಸುವ ಕೆಲಸವು ಪರವಾನಗಿ ಪಡೆದ ಕೆಲಸಗಾರನದು. ಆದರೆ ಅವನು ಕೆಲಸ ಮುಗಿಸಿದಾಗ ‘ಸ್ವಿಚ್ಚು ಫೇಸಿನಲ್ಲಿಯೇ ಇದೆಯೆ?’ ಎಂದು ಕೇಳುವ ಅಧಿಕಾರವೂ ಅದನ್ನು ತೋರಿಸಿಕೊಡೆನ್ನುವ ಅಧಿಕಾರವೂ ಮನೆಯವರಿಗೆ ಇದ್ದೇ ಇದೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಹತ್ತು ಸ್ಥಾನಗಳ ಉಪಮಂಡಲದಲ್ಲಿ 9 ವ್ಯಾಟಿನ ಹತ್ತು ಎಲ್‌ಇಡಿ ದೀಪಗಳು ಉರಿಯುತ್ತಿದ್ದರೆ ಒಟ್ಟು ವ್ಯಾಟು ಎಷ್ಟು? ಮೇಲೆ ಹೇಳಿದ ಎರಡು ಮಿತಿಗಳಲ್ಲಿ ಇಲ್ಲಿ ಮೊದಲು ತಲಪುವುದು ಯಾವುದು?

2. ಒಂದೇ ದೀಪವನ್ನು ಐದು ಎಡೆಗಳಿಂದ ನಿಯಂತ್ರಿಸಲು ಟೂ-ವೇ ಸ್ವಿಚ್ಚುಗಳು ಎಷ್ಟು, ಮಧ್ಯಸ್ಥ ಸ್ವಿಚ್ಚುಗಳು ಎಷ್ಟು ಬೇಕು? ಸಂಭವಿಸುವ 32 ಸ್ಥಿತಿಗಳಲ್ಲಿ ಎಷ್ಟರಲ್ಲಿ ದೀಪವು ಉರಿಯುತ್ತದೆ?

3. ಸ್ವಿಚ್ಚು ನ್ಯೂಟ್ರಲಿನಲ್ಲಿರುವ ಹೋಲ್ಡರಿನಿಂದ ಬಲ್ಬನ್ನು ತೆಗೆದುಬಿಟ್ಟರೆ ಎಷ್ಟು ಮೊಳೆಗಳು ಸಜೀವವಾಗಿ ಉಳಿಯುತ್ತವೆ? ಕಾರಣವೇನು?